ಗೆದ್ದವರಲ್ಲಿ ಗೌರವ, ಸೋತವರಲ್ಲಿ ಮುನಿಸು

ಚಾಮರಾಜಪೇಟೆಯ ನಮ್ಮ ಮನೆಗೆ ಫುಟ್‌ಬಾಲ್ ಬಂದದ್ದು ಮೊಮ್ಮಗನ ಮೂಲಕ. 2013ರಲ್ಲಿ ಬೆಂಗಳೂರು ಎಫ್.ಸಿ. ಹುಟ್ಟಿದ ಮೇಲೆ ಅದರ ನೀಲಿ ಅಂಗಿಯೇ ಅವನ ಹಬ್ಬದ ಉಡುಪಾಯಿತು. ಅವನನ್ನು ಕರೆದೊಯ್ಯುವ ನೆಪದಲ್ಲಿ, ಚಿಕ್ಕಪೇಟೆಯ ಜವಳಿ ವ್ಯಾಪಾರಿಯಾದ ನಾನೂ ಹಿಂದಿನ ಸಂಪಂಗಿ ಕೆರೆಯಂಗಳದಲ್ಲಿರುವ ಕಂಠೀರವ ಕ್ರೀಡಾಂಗಣದ ಮೆಟ್ಟಿಲು ಹತ್ತಿದೆ. ಆಟದ ಸೂಕ್ಷ್ಮ ನನಗೆ ಇಂದಿಗೂ ಅಷ್ಟಕ್ಕಷ್ಟೆ. ನೋಡುವವರ ಮನಸ್ಸೇ ಹೆಚ್ಚು ಕುತೂಹಲಕರವೆನಿಸಿತು.

2015ರ ಮೇ 31ರಂದು ಐ-ಲೀಗಿನ ಪ್ರಶಸ್ತಿಯನ್ನು ನಿರ್ಧರಿಸುವ ಪಂದ್ಯ. ಎದುರಾಳಿ ಕಲ್ಕತ್ತೆಯ ಮೋಹನ್ ಬಾಗಾನ್. ಅವರಿಗೆ ಸಮವಾದರೂ ಸಾಕು, ನಮ್ಮವರು ಗೆಲ್ಲಲೇಬೇಕು. ಮೊದಲರ್ಧದಲ್ಲಿ ಜಾನ್ ಜಾನ್ಸನ್ ಗೋಲು ಹೊಡೆದಾಗ ಹಿಂದಿನ ವರ್ಷದ ಪ್ರಶಸ್ತಿ ಮನೆಯಲ್ಲೇ ಉಳಿಯಿತೆಂದುಕೊಂಡೆವು. 87ನೆಯ ನಿಮಿಷದಲ್ಲಿ ಬೆಲ್ಲೊ ರಜಾಕ್ ಅದನ್ನು ಕಸಿದರು. ಮೊಮ್ಮಗ ಅತ್ತ. ಆದರೂ ಅವನ ಬಾಯಲ್ಲಿ ಬಾಗಾನ್ ಬಗ್ಗೆ ಇಂದಿಗೂ ಒಂದು ಹಗುರ ಮಾತಿಲ್ಲ. 1889ರಲ್ಲಿ ಹುಟ್ಟಿದ ಸಂಸ್ಥೆ, 1911ರಲ್ಲಿ ಬಹುತೇಕ ಬರಿಗಾಲಲ್ಲೇ ಆಡಿ ಆಂಗ್ಲ ಸೈನಿಕರ ತಂಡವನ್ನು ಸೋಲಿಸಿ ಐ.ಎಫ್.ಎ. ಷೀಲ್ಡ್ ಗೆದ್ದವರು ಎಂದು ನನಗೇ ಪಾಠ ಹೇಳುತ್ತಾನೆ. ನಮ್ಮಲ್ಲಿ ಪ್ರಮೋದಭಾವನೆ ಎನ್ನುವುದು ಹೀಗೆಯೇ ಇರಬೇಕು.

ಕೇರಳ ಬ್ಲಾಸ್ಟರ್ಸ್ ಎಂದರೆ ಮಾತ್ರ ಅವನ ಮುಖ ಗಂಟಿಕ್ಕುತ್ತದೆ. “ನಮ್ಮ ಮನೆಗೆ ಬಂದು ನಮಗಿಂತ ಜೋರಾಗಿ ಕೂಗುತ್ತಾರೆ ತಾತ” ಎಂಬುದು ಅವನ ದೂರು. ನಗರದಲ್ಲಿ ಮಲಯಾಳಿಗಳು ಬಹಳ. ಹಳದಿ ಅಂಗಿಗಳಿಗೆ ಕೊರತೆಯಿಲ್ಲ. ನೆರೆಯವನೊಡನೆ ಜಗಳ ಹೆಚ್ಚೆಂಬುದು ನಿಜ. ಆದರೆ ಚೆನ್ನೈಯೂ ನೆರೆಯದೇ ಅಲ್ಲವೆ? 2018ರ ಮಾರ್ಚ್ 17ರಂದು ಇದೇ ಅಂಗಳದಲ್ಲಿ ಚೆನ್ನೈಯಿನ್ ತಂಡ 3-2ರಿಂದ ನಮ್ಮನ್ನು ಮಣಿಸಿ ಐ.ಎಸ್.ಎಲ್. ಪ್ರಶಸ್ತಿ ಒಯ್ದಿತು. ಅವರ ಮೇಲೆ ಮೊಮ್ಮಗನಿಗೆ ಇಷ್ಟು ಕಹಿಯಿಲ್ಲ.

2023ರ ಮಾರ್ಚ್ 3ರಂದು ಬ್ಲಾಸ್ಟರ್ಸ್ ವಿರುದ್ಧ ನಾಕೌಟ್ ಪಂದ್ಯ. ಹೆಚ್ಚುವರಿ ಅವಧಿಯ 96ನೆಯ ನಿಮಿಷದಲ್ಲಿ ನಮಗೊಂದು ಫ್ರೀ ಕಿಕ್ ದೊರೆಯಿತು. ಅವರ ಗೋಲಿ ತನ್ನವರನ್ನು ಅಡ್ಡಗೋಡೆಯಂತೆ ನಿಲ್ಲಿಸಲು ಹೊರಟಿದ್ದಾಗ ಸುನಿಲ್ ಛೇತ್ರಿ ತೆರೆದ ಗೋಲಿಗೆ ಚೆಂಡನ್ನು ಒದ್ದರು. ರೆಫರಿ ಗೋಲೆಂದರು. ಸೀಟಿಗೆ ಕಾಯಿರೆಂದು ರೆಫರಿ ತಡೆಯದಿದ್ದರೆ ಕೂಡಲೇ ಒದೆಯಲು ನಿಯಮದಲ್ಲಿ ಅವಕಾಶವುಂಟು. ತರಬೇತುದಾರ ಇವಾನ್ ವುಕೊಮನೊವಿಚ್ ತಮ್ಮ ತಂಡವನ್ನು ಹೊರಗೆ ಕರೆದೊಯ್ದರು, ಪಂದ್ಯ ನಮ್ಮದಾಯಿತು. ಬ್ಲಾಸ್ಟರ್ಸ್‌ಗೆ 4 ಕೋಟಿ ರೂಪಾಯಿ ದಂಡ, ತರಬೇತುದಾರರಿಗೆ 10 ಪಂದ್ಯಗಳ ನಿಷೇಧ.

ಗೆದ್ದವರು ನಾವು, ಶಿಕ್ಷೆ ಅವರಿಗೆ. ಹಾಗಿದ್ದೂ ಮೊಮ್ಮಗನ ದ್ವೇಷ ಅಂದಿನಿಂದ ಇಮ್ಮಡಿಸಿತು. ಈ ಲೆಕ್ಕ ನನ್ನ ಬಿ.ಕಾಂ. ವಿದ್ಯೆಗೆ ತಾಳೆಯಾಗಲಿಲ್ಲ, ನನ್ನದೇ ಅಂಗಡಿಯ ಹಳೆಯ ಪುಟವೊಂದನ್ನು ತಿರುವಿದಾಗ ತಾಳೆಯಾಯಿತು.

1989ರಲ್ಲಿ ಒಂದು ಶಾಲೆಯ ಸಮವಸ್ತ್ರದ ಬಟ್ಟೆಗೆ ಟೆಂಡರು ಕರೆದಿದ್ದರು. ಪಕ್ಕದ ಅಂಗಡಿಯವರ ದರ ನನಗಿಂತ ಕಡಿಮೆಯೆಂದು ನನಗೆ ತಿಳಿದಿತ್ತು. ಠೇವಣಿಯ ರಸೀದಿ ಮರೆತಿದ್ದ ಅವರು, “ಈಗಲೇ ಬಂದೆ, ಸ್ವಲ್ಪ ನೋಡಿಕೊಂಡಿರಿ” ಎಂದು ನನಗೇ ಹೇಳಿ ಓಡಿದರು. ಗಡಿಯಾರ ನೋಡುತ್ತಿದ್ದ ನಾನು, ಗುಮಾಸ್ತರಿಗೆ ವೇಳೆ ಮುಗಿಯಿತೆಂದು ಜ್ಞಾಪಿಸಿದೆ. ನಿಯಮ ನನ್ನ ಕಡೆಗಿತ್ತು.

ಅದೇ ಕಾಲದಲ್ಲಿ ದೊಡ್ಡ ಸಗಟು ವ್ಯಾಪಾರಿಯೊಬ್ಬರು ಉತ್ತಮ ಮಾಲಿನಿಂದ, ನೇರವಾದ ದರದಿಂದ ನನ್ನ ಎರಡು ಒಳ್ಳೆಯ ಗಿರಾಕಿಗಳನ್ನು ಸೆಳೆದುಕೊಂಡರು. ಮಗನನ್ನು ಅಂಗಡಿಗೆ ಕೂರಿಸಿದ ದಿನ ಅವರಿಗೇ ನಮಸ್ಕಾರ ಮಾಡಿಸಿದೆ. ಪಕ್ಕದವರನ್ನಾದರೋ ವರ್ಷಗಟ್ಟಲೆ ಹಳಿದೆ. ಅವರ ಗಜಕೋಲು ಗಿಡ್ಡವೆಂದೆ. ಮಗಳ ಮದುವೆಗೆ ಕರೆದರೂ ಹೋಗಲಿಲ್ಲ. ಪ್ರತಿ ವರ್ಷ ಕ್ಷಮಾವಣಿಯಂದು ಬಸದಿಯಲ್ಲಿ ಸಿಕ್ಕವರಿಗೆಲ್ಲ ಕೈಮುಗಿಯುತ್ತಿದ್ದ ನಾನು, ನಾಲ್ಕು ಹೆಜ್ಜೆ ದೂರದ ಆ ಮೆಟ್ಟಿಲನ್ನು ಹತ್ತಲಿಲ್ಲ. ಅವರು ಈಗಿಲ್ಲ.

ಇದನ್ನು ಮೊನ್ನೆ ಮೊಮ್ಮಗನಿಗೆ ಹೇಳಿದೆ. ಛೇತ್ರಿಯವರದು ನಿಯಮಬದ್ಧ ಆಟ, ನಿಮ್ಮದಕ್ಕೂ ಅದಕ್ಕೂ ಹೋಲಿಕೆಯೇ ಇಲ್ಲವೆಂದು ವಾದಿಸಿದ; ಇರಬಹುದು. ಸ್ವಲ್ಪ ಹೊತ್ತು ಬಿಟ್ಟು, “ರಸೀದಿ ತಂದಾಗ ಅವರು ಏನಂದರು ತಾತ?” ಎಂದು ಕೇಳಿದ.

ಏನೂ ಅನ್ನಲಿಲ್ಲ. ಅದನ್ನು ಮಡಿಸಿ ಜೇಬಿಗಿಟ್ಟುಕೊಂಡು, ನನ್ನೊಡನೆಯೇ ಚಿಕ್ಕಪೇಟೆಯವರೆಗೆ ನಡೆದು ಬಂದರು.