‘ಏನಿಲ್ಲ ಬಿಡಿ’ ಅನ್ನೋ ಮೊದಲು

ನನಗೊಂದು ಕೆಟ್ಟ ಅಭ್ಯಾಸ. ಏನೇ ನೋಡಿದರೂ ಒಂದೂವರೆ ಪಟ್ಟು ಸ್ಪೀಡ್‌ನಲ್ಲಿ ನೋಡೋದು. ಆಫೀಸಿನ ಟ್ರೈನಿಂಗ್ ವಿಡಿಯೊ, ಅಡುಗೆ ವಿಡಿಯೊ, ವೆಬ್ ಸೀರೀಸ್, ಎಲ್ಲವೂ ಅಷ್ಟೇ. ನಿಜ ಹೇಳಬೇಕಂದ್ರೆ ‘ನೋಡೋದು’ ಅನ್ನೋದೂ ಸುಳ್ಳು. ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿಟ್ಟು, ಪಾತ್ರೆ ತೊಳೀತಾ ಕೇಳಿಸಿಕೊಳ್ತೀನಿ. ಕನ್ನಡ, ಹಿಂದಿ, ಇಂಗ್ಲಿಷ್ ಆದರೆ ಇದು ನಡೆಯುತ್ತೆ.

ಥಾಯ್ ಸೀರೀಸ್‌ನಲ್ಲಿ ನಡೆಯಲಿಲ್ಲ.

ಪಿಜಿಯಲ್ಲಿ ಜೊತೆಗಿದ್ದ ಗೆಳತಿ ಒತ್ತಾಯ ಮಾಡಿದ್ದಕ್ಕೆ ‘ಮೂನ್‌ಲೈಟ್ ಚಿಕನ್’ ಹಾಕಿದೆ. 2023ರಲ್ಲಿ ಬಂದ, ಎಂಟೇ ಎಪಿಸೋಡ್‌ಗಳ ಸೀರೀಸ್. ಹೆಸರು ನೋಡಿ ಅಡುಗೆ ಶೋ ಅಂದ್ಕೊಂಡಿದ್ದೆ. ಕಥೆ ನಡೆಯೋದು ಪಟ್ಟಾಯದಲ್ಲಿ, ಆದರೆ ಟೂರ್ ಪ್ಯಾಕೇಜ್ ಜಾಹೀರಾತಿನ ಪಟ್ಟಾಯ ಅಲ್ಲ. ರಾತ್ರಿ ಹೊತ್ತು ತೆರೆದಿರುವ ಒಂದು ಪುಟ್ಟ ‘ಖಾವ್ ಮನ್ ಕಾಯ್’ ಅಂಗಡಿ. ಕೋಳಿಯ ಕೊಬ್ಬು, ಕೋಳಿ ಬೆಂದ ನೀರು ಹಾಕಿ ಮಾಡಿದ ಅನ್ನ, ಮೇಲೆ ಬೇಯಿಸಿದ ಕೋಳಿಯ ಹೋಳು, ಪಕ್ಕದಲ್ಲಿ ಶುಂಠಿ, ಬೆಳ್ಳುಳ್ಳಿ, ಮೆಣಸಿನಕಾಯಿಯ ಖಾರ, ಒಂದು ಬಟ್ಟಲು ಸೂಪ್. ಚೀನಾದ ಹೈನಾನ್‌ನಿಂದ ವಲಸೆ ಬಂದವರು ತಂದ ಊಟವಂತೆ. ಈಗ ಥಾಯ್ಲೆಂಡಿನ ಬೀದಿ ಬೀದಿಯಲ್ಲೂ ಸಿಗುತ್ತೆ.

ಅಂಗಡಿ ನಡೆಸುವವನು ಜಿಮ್. ಒಂದು ರಾತ್ರಿ ಕುಡಿದು ಅಲ್ಲೇ ಒರಗಿದ ಗಿರಾಕಿ ವೆನ್. ಇಬ್ಬರೂ ಗಂಡಸರು. ಅವರ ನಡುವಿನ ಪ್ರೀತಿಯೇ ಕಥೆ. ಆದರೆ ಆ ಪ್ರೀತಿಗೆ ಯಾವ ಅವಸರವೂ ಇಲ್ಲ. ಜಿಮ್‌ಗೆ ಹಳೆಯ ಗಾಯ ಇನ್ನೂ ಆರಿಲ್ಲ, ವೆನ್ ಇನ್ನೂ ಹಳೆಯ ಸಂಗಾತಿಯ ಜೊತೆ ಒಂದೇ ಮನೆಯಲ್ಲಿದ್ದಾನೆ. ಒಬ್ಬ ಕೋಳಿ ಕತ್ತರಿಸ್ತಾನೆ, ಇನ್ನೊಬ್ಬ ನೋಡ್ತಾ ಕೂರ್ತಾನೆ. ಯಾರೂ ಮಾತಾಡಲ್ಲ. ಮೊದಲ ದಿನ ನೆಟ್ ಸ್ಟಕ್ ಆಯ್ತೇನೋ ಅಂತ ಎರಡು ಸಲ ವೈಫೈ ಚೆಕ್ ಮಾಡಿದೆ.

ಸ್ಪೀಡ್ ಜಾಸ್ತಿ ಮಾಡೋಣ ಅಂದ್ರೆ ಸಬ್‌ಟೈಟಲ್ ಓದೋದ್ರೊಳಗೆ ಮಾಯ. ಪಾತ್ರೆ ತೊಳೆಯೋಣ ಅಂದ್ರೆ ಒಂದಕ್ಷರ ತಿಳಿಯಲ್ಲ. ಮಾತಿನ ಕೊನೆಗೆ ಗಂಡಸರು ಸೇರಿಸುವ ‘ಖ್ರಪ್’ ನಮ್ಮ ‘ರೀ’ ಥರ ಮರ್ಯಾದೆಗೆ, ಹೆಸರಿನ ಹಿಂದಿನ ‘ಪೀ’ ಅಂದ್ರೆ ಅಣ್ಣ ಅಥವಾ ಅಕ್ಕ. ನನಗೆ ಹತ್ತಿದ್ದು ಇಷ್ಟೇ. ಮಿಕ್ಕಿದ್ದಕ್ಕೆಲ್ಲ ನನ್ನ ಕಿವಿ ಪ್ರಯೋಜನಕ್ಕೇ ಇಲ್ಲ. ಸುಮ್ಮನೆ ಕೂತು ಮುಖ ನೋಡಬೇಕು, ಕೆಳಗಿನ ಸಾಲು ಓದಬೇಕು, ಮತ್ತೆ ಮುಖ ನೋಡಬೇಕು.

ಇದೇ ಕಥೆಯಲ್ಲಿ ಇನ್ನೊಂದು ಜೋಡಿ ಇದೆ. ಜಿಮ್‌ನ ಸೋದರಳಿಯ ಲೀ ಮಿಂಗ್, ಮತ್ತು ಹಾರ್ಟ್ ಅನ್ನೋ ಹುಡುಗ. ಹಾರ್ಟ್ ಹುಟ್ಟಿನಿಂದ ಕಿವುಡನಲ್ಲ, ಬೆಳೆದ ಮೇಲೆ ಕಿವಿ ಕಳೆದುಕೊಂಡವನು. ಅನುಕೂಲಸ್ಥ ಮನೆ, ಮಗನ ಮೇಲೆ ಪ್ರೀತಿಯೂ ಇದೆ. ಆದರೆ ಅಪ್ಪ-ಅಮ್ಮ ಸನ್ನೆ ಭಾಷೆ ಕಲಿತಿಲ್ಲ. ಒಂದೇ ಸೂರಿನಡಿ ಇದ್ದೂ ಹುಡುಗ ಒಂಟಿ. ಎಲ್ಲಿಂದಲೋ ಬಂದ ಲೀ ಮಿಂಗ್ ಕೈ ತಿರುಗಿಸಿ, ತಪ್ಪು ಮಾಡಿ, ತಿದ್ದಿಸಿಕೊಂಡು ಕಲೀತಾನೆ. ಸನ್ನೆ ಭಾಷೆಯಲ್ಲಿ ಒಂದು ವಿಶೇಷ ನೋಡಿ. ಇನ್ನೊಂದು ರೂಮಿನಿಂದ ಕೂಗಿ ಮಾತಾಡೋಕಾಗಲ್ಲ, ಫೋನ್ ಒತ್ತುತ್ತಾ ಕೇಳಿಸಿಕೊಳ್ಳೋಕಾಗಲ್ಲ. ಎದುರು ನಿಂತು ನೋಡಲೇಬೇಕು.

ಅಲ್ಲಿ ನನಗೆ ಗಂಟಲು ಕಟ್ಟಿತು. ಹಾಸನದಲ್ಲಿರುವ ಅಪ್ಪನ ನೆನಪಾಯ್ತು.

ಅಪ್ಪ ಬಸ್ ಕಂಡಕ್ಟರ್ ಆಗಿದ್ದವರು. ತುಂಬಿದ ಬಸ್ಸಿನ ಹಿಂದಿನ ಸೀಟಿನಿಂದ ಯಾರೋ ‘ಹೋಲ್ಡಾನ್’ ಅಂದ್ರೆ ಕೇಳಿಸ್ತಿದ್ದ ಕಿವಿ ಅದು. ಈಗ ಎರಡು ವರ್ಷದಿಂದ ಕಿವಿ ಮಷಿನ್. ಹಾಕಿಕೊಂಡ್ರೆ ಮಿಕ್ಸಿ ಸದ್ದು, ತಟ್ಟೆ ಸದ್ದು ಎಲ್ಲ ಜೋರಾಗುತ್ತೆ ಅಂತ ಅರ್ಧ ದಿನ ತೆಗೆದಿಟ್ಟಿರ್ತಾರೆ. ವಯಸ್ಸಾದಂತೆ ಸ, ಶ, ತ, ಕ ಥರದ ಸದ್ದುಗಳು ಮೊದಲು ಮಂಕಾಗುತ್ತವೆ, ಹಾಗಾಗಿ ಮಾತು ಕೇಳಿಸುತ್ತೆ, ಪದ ಬಿಡಿಸೋಕಾಗಲ್ಲ ಅಂತ ಡಾಕ್ಟರ್ ಹೇಳಿದ್ರು. ಕಿರುಚಬೇಡಿ, ಎದುರಿಗೆ ನಿಂತು ನಿಧಾನಕ್ಕೆ ಮಾತಾಡಿ ಅಂತಲೂ ಹೇಳಿದ್ರು. ನಾನು ತಲೆಯಾಡಿಸಿ ಬಂದಿದ್ದೆ.

ನಾನು ಮಾಡ್ತಿದ್ದದ್ದೇನು? ಆಫೀಸ್ ಕ್ಯಾಬ್‌ನಿಂದ ಕಾಲ್. ಅಪ್ಪ ‘ಆಂ? ಏನಂದೆ?’ ಅಂತಿದ್ರು. ಇನ್ನೊಂದು ಸಲ ಹೇಳ್ತಿದ್ದೆ. ಮತ್ತೆ ‘ಆಂ?’. ಆಗ ನನ್ನ ಬಾಯಲ್ಲಿ ರೆಡಿ ಇರೋ ಉತ್ತರ: “ಏನಿಲ್ಲ ಬಿಡಿ. ಅಮ್ಮಂಗೆ ಕೊಡಿ.”

ಸೀರೀಸ್ ಮುಗಿದ ವಾರವೇ ಊರಿಗೆ ಹೋದೆ. ಜಗುಲಿ ಮೇಲೆ ಅಪ್ಪನ ಎದುರಿಗೆ ಕೂತು, ಫೋನ್ ಒಳಗಿಟ್ಟು, ನಿಧಾನವಾಗಿ ಮಾತಾಡಿದೆ. ಪ್ರಾಜೆಕ್ಟ್ ಬದಲಾಗಿದ್ದು, ಮ್ಯಾನೇಜರ್ ಕಾಟ, ಮನೆ ಬಾಡಿಗೆ ಏರಿದ್ದು. ಅಪ್ಪ ನನ್ನ ತುಟಿಯನ್ನೇ ನೋಡ್ತಿದ್ರು, ನಾನು ಸಬ್‌ಟೈಟಲ್ ಓದಿದ ಹಾಗೆ. ಮಧ್ಯೆ ಅವರಿಗೊಂದು ಮಾತು ತಪ್ಪಿತು. ಅಭ್ಯಾಸಬಲ, “ಏನಿಲ್ಲ ಬಿಡಿ” ಅಂದುಬಿಟ್ಟೆ.

ಅಪ್ಪ ನಕ್ಕರು. “ಪುಟ್ಟಿ, ನೀನು ಹೇಳೋದ್ರಲ್ಲಿ ಅದೊಂದು ಮಾತು ಮಾತ್ರ ನಂಗೆ ಯಾವಾಗ್ಲೂ ಸರಿಯಾಗಿ ಕೇಳ್ಸುತ್ತೆ ನೋಡು.”

ತಮಾಷೆಗೇ ಅಂದಿದ್ದು. ಆದರೆ ರಾತ್ರಿ ನಿದ್ದೆ ಬರಲಿಲ್ಲ.

ಒಂದು ಸೀರೀಸ್ ನೋಡಿ ನಾನೇನು ಪೂರ್ತಿ ಬದಲಾಗಿಲ್ಲ. ಟ್ರೈನಿಂಗ್ ವಿಡಿಯೊ ಈಗಲೂ ಒಂದೂವರೆ ಪಟ್ಟೇ. ಆದರೆ ಅಪ್ಪನಿಗೆ ಕ್ಯಾಬ್‌ನಿಂದ ಕಾಲ್ ಮಾಡೋದು ಬಿಟ್ಟಿದ್ದೀನಿ. ಭಾನುವಾರ ಬೆಳಗ್ಗೆ ವಿಡಿಯೊ ಕಾಲ್, ಮುಖ ಕಾಣೋ ಹಾಗೆ ಕಿಟಕಿ ಹತ್ತಿರ ಕೂತು.

ಹೋದ ವಾರ ಬೆಂಗಳೂರಲ್ಲಿ ಒಂದು ಕಟ್ಟು ಕೊತ್ತಂಬರಿ ಸೊಪ್ಪಿಗೆ ಎಷ್ಟು ಕೊಟ್ಟೆ ಅಂತ ಹೇಳ್ತಿದ್ದೆ. “ಆಂ?” ಅಂದ್ರು. ಮತ್ತೆ ಹೇಳಿದೆ. “ಆಂ?” ಕೊತ್ತಂಬರಿ ಸೊಪ್ಪಿನ ರೇಟು ತಾನೇ, ಬಿಡಬಹುದಿತ್ತು. ಮೂರನೇ ಸಲ ಹೇಳಿದೆ. “ಅಯ್ಯೋ, ಅಷ್ಟೊಂದಾ!” ಅಂತ ಅಪ್ಪ ಒಳಗಿದ್ದ ಅಮ್ಮನನ್ನು ಕೂಗಿ ಕರೆದರು.