ಕೇಳದೆ ಬಿಟ್ಟ ಒಂದು ಪ್ರಶ್ನೆ

ಕಳೆದ ವಾರ ಅಫಜಲಪುರದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ್ದ. ಅವನ ವಾಟ್ಸಾಪಿಗೆ ಯಾರೋ ಒಂದು ಹದೀಸನ್ನು ಕಳಿಸಿದ್ದರಂತೆ. ಅದನ್ನು ಓದಿ ಹೇಳಿ, "ಇದು ಖರೇ ಏನ್ರಿ ಸರ? ಮುಂದ ನಾಕು ಮಂದಿಗೆ ಕಳಸಬೇಕಂತೀನಿ" ಎಂದ. "ನನಗೆ ಗೊತ್ತಿಲ್ಲಪ್ಪಾ. ತಿಳಿದವರನ್ನು ಕೇಳಿ ಹೇಳುತ್ತೇನೆ, ಅಲ್ಲಿಯತನಕ ಯಾರಿಗೂ ಕಳಿಸಬೇಡ" ಎಂದೆ. "ನಿಮಗ ಗೊತ್ತಿಲ್ಲಂದ್ರ ಹ್ಯಾಂಗ್ರಿ ಸರ?" ಎಂದು ನಕ್ಕ. ಆ ನಗೆಯಲ್ಲಿ ಪ್ರೀತಿಯೂ ಇತ್ತು, ಕೊಂಚ ನಿರಾಶೆಯೂ ಇತ್ತು. ಈ 'ಗೊತ್ತಿಲ್ಲ' ಎಂಬ ಮಾತು ನನ್ನ ಬಾಯಿಗೆ ಬರಲು ಎಷ್ಟು ವರ್ಷ ಹಿಡಿಯಿತು, ಅದಕ್ಕೆ ಯಾರು ಬೆಲೆ ತೆತ್ತರು ಎಂಬುದನ್ನು ನಿಮಗೆಲ್ಲ ಹೇಳಬೇಕೆನಿಸಿ ಇದನ್ನು ಬರೆಯುತ್ತಿದ್ದೇನೆ.

ನಾನು ಹುಟ್ಟಿ ಬೆಳೆದದ್ದು ಆಳಂದದಲ್ಲಿ, ಲಾಡ್ಲೆ ಮಶಾಯಕರ ದರ್ಗಾದ ಊರಿನಲ್ಲಿ. ತಂದೆಯವರು ದರ್ಜಿ. ಬೆಳಿಗ್ಗೆ ಶಾಲೆಗೆ ಹೋಗುವ ಮುನ್ನ ಓಣಿಯ ಮಸೀದಿಯಲ್ಲಿ ಕುರಾನ್ ಓದಲು ಕೂಡುತ್ತಿದ್ದೆವು. ನಮಗೆ ಕಲಿಸುತ್ತಿದ್ದ ಹಿರಿಯರನ್ನು ಊರವರೆಲ್ಲ 'ಹಜರತ್' ಎಂದೇ ಕರೆಯುತ್ತಿದ್ದರು. ಯಾರಾದರೂ ಮಸಲೆ ಕೇಳಲು ಬಂದರೆ, ತಿಳಿದಿದ್ದರೆ ಹೇಳುವರು. ಇಲ್ಲವಾದರೆ ನಮ್ಮೆದುರಿಗೇ "ನನಗೆ ಗೊತ್ತಿಲ್ಲ" ಎನ್ನುವರು. ಮುಂದೆ ಎಂದಾದರೂ ಗುಲ್ಬರ್ಗಾಕ್ಕೆ ಹೋದಾಗ ಅಲ್ಲಿನ ಆಲಿಮರಲ್ಲಿ ವಿಚಾರಿಸಿಕೊಂಡು ಬಂದು, ಕೇಳಿದವರ ಮನೆಗೇ ಹೋಗಿ ಉತ್ತರ ಮುಟ್ಟಿಸುವರು. ನಮಗೆ ಹುಡುಗರಿಗೆ ಇದು ನಗೆಪಾಟಲಾಗಿ ಕಾಣುತ್ತಿತ್ತು. ಗುರುಗಳಾದವರಿಗೇ ಗೊತ್ತಿಲ್ಲವೆಂದರೇನು?

ನಾವು ನಗುವುದನ್ನು ಕಂಡು ಒಮ್ಮೆ ಅವರು ಮದೀನೆಯ ಇಮಾಮ್ ಮಾಲಿಕರ ಸಂಗತಿ ಹೇಳಿದರು. ಕ್ರಿ.ಶ. 795ರಲ್ಲಿ ತೀರಿಕೊಂಡ ಈ ಮಹಾವಿದ್ವಾಂಸರು ನಾಲ್ಕು ನ್ಯಾಯಪಂಥಗಳಲ್ಲಿ ಒಂದಕ್ಕೆ ಮೂಲಪುರುಷರು. ಅವರಿಗೆ ಒಮ್ಮೆ 48 ಪ್ರಶ್ನೆಗಳನ್ನು ಕೇಳಲಾಯಿತೆಂದೂ, ಅವುಗಳಲ್ಲಿ 32ಕ್ಕೆ ತಮಗೆ ತಿಳಿಯದೆಂದು ಹೇಳಿಬಿಟ್ಟರೆಂದೂ ಪ್ರಸಿದ್ಧವಾದ ವರದಿಯಿದೆ. ತಿಂಗಳುಗಟ್ಟಲೆ ಪಯಣ ಮಾಡಿ ಬಂದವನೊಬ್ಬನಿಗೂ ಅದೇ ಉತ್ತರ ಸಿಕ್ಕಿತಂತೆ. ಊರಿಗೆ ಹೋಗಿ ಏನೆಂದು ಹೇಳಲಿ ಎಂದು ಅವನು ಕೇಳಿದರೆ, ಮಾಲಿಕನಿಗೆ ತಿಳಿಯದೆಂದೇ ಹೇಳು ಎಂದರಂತೆ. ಕಥೆ ನನಗೆ ಬಾಯಿಪಾಠವಾಯಿತು. ಬುದ್ಧಿ ಮಾತ್ರ ಬರಲಿಲ್ಲ.

ಮಾಸ್ತರನಾಗಿ ಅಫಜಲಪುರ ತಾಲ್ಲೂಕಿನ ಭೀಮಾ ತೀರದ ಹಳ್ಳಿಗೆ ಹೋದಾಗ ನಡೆದದ್ದನ್ನು ಹೇಳುತ್ತೇನೆ. ಯಾವುದೋ ಪಾಠದ ನಡುವೆ, ಮುಂಗಾರಿನ ಮೊದಲ ಮಳೆಗೆ ರೈತರು ಜೋಳ ಬಿತ್ತುತ್ತಾರೆ ಎಂದು ವರ್ಣಿಸುತ್ತಿದ್ದೆ. ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು, "ನಮ್ಮ ಕಡಿ ಎರಿ ಹೊಲದಾಗ ಬಿಳಿಜೋಳ ಹಿಂಗಾರಿಗೆ ಬಿತ್ತತಾರ್ರಿ ಸರ" ಎಂದ. ದರ್ಜಿಯ ಮಗನಾದ ನನಗೆ ಕೂರಿಗೆ ಹಿಡಿದು ಗೊತ್ತಿರಲಿಲ್ಲ. ಆದರೂ ಗದರಿಸಿ ಕೂಡಿಸಿದೆ. ಸಂಜೆ ಹಜರತರು ಹೇಳಿದ್ದ ಇನ್ನೊಂದು ಸಂಗತಿ ನೆನಪಾಗಿ ನಾಚಿಕೆಯಾಯಿತು. ಮದೀನೆಯ ರೈತರು ಖರ್ಜೂರದ ಹೆಣ್ಣುಮರಕ್ಕೆ ಗಂಡುಮರದ ಪರಾಗವನ್ನು ಕೈಯಿಂದ ಸೇರಿಸುವುದನ್ನು ಕಂಡು, ಇದರಿಂದ ಲಾಭವಿರಲಾರದೆಂದು ಪ್ರವಾದಿಯವರು ಅಂದಿದ್ದರು. ರೈತರು ಅದನ್ನು ಕೈಬಿಟ್ಟರು, ಫಸಲು ಕೆಟ್ಟಿತು. ಅದು ತಮ್ಮ ಊಹೆಯಷ್ಟೇ ಆಗಿತ್ತೆಂದೂ, ಲೋಕವ್ಯವಹಾರದ ಇಂಥ ಸಂಗತಿಗಳನ್ನು ರೈತರೇ ಚೆನ್ನಾಗಿ ಬಲ್ಲರೆಂದೂ ಪ್ರವಾದಿಯವರು ಒಪ್ಪಿಕೊಂಡರು. ಸಹೀಹ್ ಮುಸ್ಲಿಂ ಹದೀಸ್ ಸಂಗ್ರಹದಲ್ಲಿ ಈ ಪ್ರಸಂಗವಿದೆ. ಪ್ರವಾದಿಯವರಿಗೆ ಸಾಧ್ಯವಾದ ಒಪ್ಪಿಗೆ ಹಳ್ಳಿಯ ಮಾಸ್ತರನಿಗೆ ಸಾಧ್ಯವಾಗಲಿಲ್ಲ. ಮರುದಿನವೂ ನಾನು ಆ ಹುಡುಗನಿಗೆ ಏನನ್ನೂ ಹೇಳಲಿಲ್ಲ.

ಜೇವರ್ಗಿಗೆ ವರ್ಗವಾಗಿ ಬಂದ ಮೇಲೆ ಓಣಿಯಲ್ಲಿ ನನಗೆ ದೊಡ್ಡ ಹೆಸರು ಬಂತು. ಓದಿದವನು, ಕುರಾನಿನ ಅಕ್ಷರ ಬಲ್ಲವನು ಎಂದು ಜನ ಧರ್ಮದ ಪ್ರಶ್ನೆಗಳನ್ನೂ ನನಗೇ ತರತೊಡಗಿದರು. ನಿಜ ಹೇಳಬೇಕೆಂದರೆ ನನಗೆ ಅರಬ್ಬಿಯನ್ನು ಓದಲು ಬರುತ್ತಿತ್ತು, ಅರ್ಥ ಮಾಡಿಕೊಳ್ಳಲು ಬರುತ್ತಿರಲಿಲ್ಲ. ಇದನ್ನು ನಾನಾಗಿ ಯಾರಿಗೂ ಹೇಳಿರಲಿಲ್ಲ.

1986ರಲ್ಲಿ ನೆರೆಮನೆಯ ಚಾಚಿಯ ಪತಿ ತೀರಿಕೊಂಡರು. ಆತನ ಅಂಗಡಿ 80,000 ರೂಪಾಯಿಗೆ ಮಾರಾಟವಾಯಿತು. ವಾರಸುದಾರರೆಂದರೆ ಚಾಚಿ ಮತ್ತು ಮೃತರ ಇಬ್ಬರು ತಮ್ಮಂದಿರು. ಹಂಚಿಕೆ ಹೇಗೆಂದು ಮೂವರೂ ನನ್ನನ್ನು ಕೇಳಿದರು. ನನ್ನ ತಂದೆ ತೀರಿಕೊಂಡಾಗ ತಾಯಿಗೆ ಎಂಟರಲ್ಲೊಂದು ಪಾಲು ಬಂದದ್ದು ನೆನಪಿತ್ತು. "ಹೆಂಡತಿಗೆ ಎರಡಾಣೆ ಪಾಲು, ಕುರಾನಿನಲ್ಲೇ ಇದೆ" ಎಂದೆ. ಚಾಚಿಗೆ 10,000 ಬಂತು, ತಮ್ಮಂದಿರಿಗೆ ತಲಾ 35,000. ಚಾಚಿ ಸೆರಗು ಸರಿಮಾಡಿಕೊಂಡು, "ಅಲ್ಲಾಹನ ಲೆಕ್ಕ ಅಂದಮ್ಯಾಲ ನಾ ಏನನ್ನಲಿ ಮಾಸ್ತರ್ ಸಾಬ್" ಎಂದು ಒಳಗೆ ಹೋದರು.

ಮರುವರ್ಷ ಹಬ್ಬಕ್ಕೆ ಆಳಂದಕ್ಕೆ ಹೋದಾಗ, ನಾನೂ ಮಸಲೆ ಬಿಡಿಸುವಂಥವನಾದೆನೆಂಬ ಹೆಮ್ಮೆಯಿಂದ ಹಜರತರಿಗೆ ಇದನ್ನು ವರದಿ ಮಾಡಿದೆ. ಅವರು ಒಂದೇ ಪ್ರಶ್ನೆ ಕೇಳಿದರು: "ಸತ್ತವರಿಗೆ ಮಕ್ಕಳಿದ್ದರೇನು?" ಮಕ್ಕಳಿರಲಿಲ್ಲ. ಕುರಾನಿನ ನಾಲ್ಕನೆಯ ಅಧ್ಯಾಯ ಇದನ್ನು ಸ್ಪಷ್ಟವಾಗಿ ಬೇರೆ ಮಾಡುತ್ತದೆ. ಮಕ್ಕಳಿದ್ದರೆ ಹೆಂಡತಿಗೆ ಎಂಟರಲ್ಲೊಂದು, ಇಲ್ಲದಿದ್ದರೆ ನಾಲ್ಕರಲ್ಲೊಂದು. ಚಾಚಿಗೆ ಸಲ್ಲಬೇಕಾದದ್ದು ನಾಲ್ಕಾಣೆ ಪಾಲು, ಅಂದರೆ 20,000. ನನ್ನ ತಾಯಿಗೆ ಮಕ್ಕಳಿದ್ದೆವು, ಆದ್ದರಿಂದ ಎಂಟರಲ್ಲೊಂದು. ಇಷ್ಟು ಸಣ್ಣ ವಿಷಯವನ್ನು ನಾನು ಕೇಳಿಕೊಂಡಿರಲಿಲ್ಲ. ಹಜರತರು ಬೈಯಲಿಲ್ಲ. "ಹೋಗಿ ಅವರಿಗೆ ಹೇಳಿ ಬಾ" ಎಂದರಷ್ಟೇ.

ಜೇವರ್ಗಿಗೆ ಮರಳಿ ಮೂವರನ್ನೂ ಕೂಡಿಸಿ ತಪ್ಪೊಪ್ಪಿಕೊಂಡೆ. ದೊಡ್ಡ ಮೈದುನ ಮರುವಾರವೇ 5,000 ತಂದುಕೊಟ್ಟ. ಚಿಕ್ಕವನು, "ನೀವೇ ಹೇಳಿದ್ದಲ್ಲ ಮಾಸ್ತರ? ನಂದು ಖರ್ಚಾಗ್ಯದ" ಎಂದ. ಅವನನ್ನು ಹೇಗೆ ದೂರಲಿ? ಆ 5,000ವನ್ನು ನಾನೇ ಸಂಬಳದಲ್ಲಿ ಉಳಿಸಿ ಕಂತುಗಳಲ್ಲಿ ಕೊಟ್ಟೆ. ಚಾಚಿ ಮೊದಲು ಒಪ್ಪಲಿಲ್ಲ. ನನ್ನ ಮನೆಯವಳು ಹೋಗಿ ಕೈಹಿಡಿದು ಕೇಳಿಕೊಂಡ ಮೇಲೆ ಒಪ್ಪಿದರು. ಹಣವೇನೋ ತೀರಿತು. ಆದರೆ ನನ್ನ ಅರೆತಿಳಿವಳಿಕೆಯನ್ನು ಆ ತಾಯಿ ಒಂದು ವರ್ಷ ದೇವರ ಮಾತೆಂದು ನಂಬಿ, ಬಾಯಿ ಕಟ್ಟಿಕೊಂಡು ಇದ್ದರಲ್ಲ, ಅದನ್ನು ತೀರಿಸುವ ಬಗೆ ನನಗೆ ಇಂದಿಗೂ ತಿಳಿದಿಲ್ಲ.

ಪ್ರವಾದಿಯವರ ಹೆಸರಿನಲ್ಲಿ ಸುಳ್ಳು ಹೇಳುವುದರ ಬಗ್ಗೆ ಹದೀಸುಗಳಲ್ಲಿ ಅತ್ಯಂತ ಕಠಿಣವಾದ ಎಚ್ಚರಿಕೆಯಿರುವುದು ಏಕೆಂದು ಆಮೇಲೆ ಅರ್ಥವಾಯಿತು. ನಮ್ಮ ಸ್ವಂತದ ತಪ್ಪನ್ನು ಕೇಳಿದವರು ತಿದ್ದಬಲ್ಲರು. ದೇವರ ಹೆಸರು ಹಚ್ಚಿದ ತಪ್ಪಿನೆದುರು ಬಡವರು ಸುಮ್ಮನಾಗಿಬಿಡುತ್ತಾರೆ. ಅಂತ್ಯದಿನ ಯಾವಾಗ ಎಂದು ಅಪರಿಚಿತನ ವೇಷದಲ್ಲಿ ಬಂದ ದೇವದೂತ ಜಿಬ್ರೀಲರು ಕೇಳಿದಾಗ, ಕೇಳುವವರಿಗಿಂತ ಹೆಚ್ಚಿನದು ತಮಗೂ ತಿಳಿಯದೆಂದು ಪ್ರವಾದಿಯವರು ಶಿಷ್ಯರ ಮುಂದೆಯೇ ಹೇಳಿದ್ದರು. ಗುರುವಾದವನು ವಿದ್ಯಾರ್ಥಿಗಳೆದುರು ಇದನ್ನು ಹೇಳಿದರೆ ಗೌರವ ಕಡಿಮೆಯಾಗುವುದಿಲ್ಲವೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ.

ಈ ನೆಪದಲ್ಲಿ ಎರಡು ತಿದ್ದುಪಡಿಗಳಿವೆ, ಪ್ರಿಯ ಶಿಷ್ಯರೇ. ಕಲಬುರಗಿಯ ಬಂದೇನವಾಜರ ದರ್ಗಾಕ್ಕೆ ಪ್ರವಾಸ ಒಯ್ದಾಗಲೆಲ್ಲ, 'ಮಿರಾಜುಲ್ ಆಶಿಕೀನ್' ಅವರು ಬರೆದದ್ದು, ಅದು ದಖನಿಯ ಮೊದಲ ಗದ್ಯಕೃತಿ ಎಂದು ನಿಮಗೆ ಖಚಿತವಾಗಿ ಹೇಳುತ್ತಿದ್ದೆ. ಅದು ಅವರದಲ್ಲ, ಅವರಿಗಿಂತ ಬಹಳ ಈಚಿನದು ಎಂದು ವಾದಿಸಿದ ಸಂಶೋಧಕರಿದ್ದಾರೆ. ನಿಮ್ಮ ಟಿಪ್ಪಣಿಯಲ್ಲಿ 'ಎಂದು ಹೇಳಲಾಗುತ್ತದೆ' ಎಂದು ಸೇರಿಸಿಕೊಳ್ಳಿ. ಎರಡನೆಯದು, ಅಫಜಲಪುರ ತಾಲ್ಲೂಕಿನ ಆ ಹಿಂದಿನ ಸಾಲಿನ ಹುಡುಗನಿಗೆ. ಇದನ್ನು ಓದುತ್ತಿದ್ದರೆ ತಿಳಿದುಕೋ ಮಗನೇ, ಬಿಳಿಜೋಳದ ವಿಷಯದಲ್ಲಿ ನೀನು ಹೇಳಿದ್ದೇ ಸರಿ.

ಆಲಿಮರು ಫತ್ವಾ ಬರೆದು ಕೊನೆಯಲ್ಲಿ 'ವಲ್ಲಾಹು ಆಲಂ' ಎಂದು ಬರೆಯುತ್ತಾರೆ. ಅಲ್ಲಾಹನೇ ಹೆಚ್ಚು ಬಲ್ಲವನು ಎಂದು ಅರ್ಥ. ಮೇಲೆ ಬರೆದುದರಲ್ಲಿ ತಪ್ಪು ಕಂಡರೆ ಸಂಕೋಚವಿಲ್ಲದೆ ತಿಳಿಸಿರಿ. ಈ ಸಲ ಗದರಿಸುವುದಿಲ್ಲ.