ಜಡ್ಡಿನ ಹೆಸರುಗಳ ಜಾಡು

ನೇಸರಗಿಯ ಕಡೆ ಹಿರಿಯರು ಜ್ವರ ಎನ್ನುವುದು ಕಡಿಮೆ. ‘ಉರಿ ಬಂದಾವ’ ಅಂತಾರೆ. ಅದೂ ಬಹುವಚನದಲ್ಲಿ, ದನ ಹಿಂಡುಗಟ್ಟಿ ಬಂದ ಹಾಗೆ. ಇಂಥ ಮಾತು ಕಿವಿಗೆ ಬಿದ್ದರೆ ನನಗೆ ದಿನವೆಲ್ಲ ಹಬ್ಬ. ಸಂಜೆ ಕಿಟೆಲ್ಲರ 1894ರ ನಿಘಂಟನ್ನೂ ಲ್ಯಾಟಿನ್, ಗ್ರೀಕ್ ಮೂಲ ಹೇಳುವ ವೈದ್ಯಕೋಶವನ್ನೂ ಎದುರುಬದುರು ಬಿಚ್ಚಿಡುತ್ತೇನೆ. ಗ್ರೀಕರಿಗೆ ಬೆಂಕಿ ‘ಪೂರ್’, ಜ್ವರ ‘ಪುರೆತೋಸ್’. ಅವರಿಗೂ ಬಂದದ್ದು ಉರಿಯೇ! ‘ಆಂಟಿಪೈರೆಟಿಕ್’ ಔಷಧದ ಹೆಸರಲ್ಲಿ ಆ ಬೆಂಕಿ ಇನ್ನೂ ಆರಿಲ್ಲ.

ನಮ್ಮ ಗುಳಿಗಿ ಸಂಸ್ಕೃತದ ಗುಳಿಕಾ, ಅಂದರೆ ಪುಟ್ಟ ಉಂಡೆ. ಲ್ಯಾಟಿನ್ನಿನ ‘ಪಿಲುಲಾ’ ಕೂಡ ಪುಟ್ಟ ಉಂಡೆಯೇ; ಸ್ಪೇನಿನವರು ಅದನ್ನು ‘ಪಿಲ್ದೊರಾ’ ಮಾಡಿಕೊಂಡರು. ಸಂಸ್ಕೃತದಿಂದ ಲ್ಯಾಟಿನ್ನಿನವರು ಕಡ ತಂದದ್ದಲ್ಲ. ಅರೆದ ಮದ್ದನ್ನು ಅಂಗೈಯಲ್ಲಿ ಉರುಳಿಸುವ ಕೈಗಳು ಎರಡೂ ಕಡೆ ಇದ್ದವು. ಕಡದ ಮಾತೂ ಉಂಟು. ದವಾಖಾನಿಯ ‘ದವಾ’ ಅರಬ್ಬಿ, ‘ಖಾನಾ’ ಪಾರಸಿ. ಸಕ್ಕರೆ ಮಾತ್ರ ಇಲ್ಲಿಂದ ಹೊರಟದ್ದು: ಹರಳು ಎಂಬರ್ಥದ ಶರ್ಕರಾ ಪಾರಸಿ, ಅರಬ್ಬಿ ದಾಟಿ ಸ್ಪೇನಿನಲ್ಲಿ ‘ಅಸೂಕಾರ್’ ಆಯಿತು.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ನಾರುಹುಣ್ಣು. ಬಯಲುಸೀಮೆಯ ಮೆಟ್ಟಿಲುಬಾವಿಗಳ ನೀರು ಕುಡಿದವರಿಗೆ ವರುಷದ ಮೇಲೆ ಕಾಲಲ್ಲಿ ಬೊಕ್ಕೆ ಏಳುತ್ತಿತ್ತು. ಅದು ಒಡೆದರೆ ಬಿಳಿ ಹುಳು ತುದಿ ಚಾಚುತ್ತದೆ, ಗಜದುದ್ದ ಇರಬಹುದು. ಜಗ್ಗಿದರೆ ಹರಿಯುತ್ತದೆ; ಹರಿದರೆ ಕಾಲು ಬಾತು ಕೀವು ತುಂಬುತ್ತದೆ. ಅದಕ್ಕೇ ಕಡ್ಡಿಗೆ ಸುತ್ತಿ, ದಿನಕ್ಕಿಷ್ಟಿಷ್ಟೇ, ವಾರಗಟ್ಟಲೆ ಎಳೆಯಬೇಕು. ಪುಂಡಿನಾರಿನ ಹಗ್ಗ ಹೊಸೆಯುವ ನಾಡಿನ ಜನ ಅದನ್ನು ನಾರು ಎಂದರು. ಲ್ಯಾಟಿನ್ ಪಂಡಿತರು ಕರೆದದ್ದು ‘ಡ್ರಾಕುಂಕ್ಯುಲಸ್ ಮೆಡಿನೆನ್ಸಿಸ್’, ಮದೀನಾದ ಮರಿ ಡ್ರ್ಯಾಗನ್. ಹುಳುವಿನ ಮರಿಯನ್ನು ನೀರಿನ ಜೊತೆ ಹೊಟ್ಟೆಗಿಳಿಸುವ ಚುಕ್ಕೆಯಂಥ ಜೀವಿಗೆ ಒಂದೇ ಕಣ್ಣು. ಅದಕ್ಕೆ ಗ್ರೀಕ್ ಕತೆಯ ಒಕ್ಕಣ್ಣ ದೈತ್ಯ ‘ಸೈಕ್ಲಾಪ್ಸ್’ನ ಹೆಸರು. ಈ ಹೆಸರುಗಳ ಕಲ್ಪನೆ ದೊಡ್ಡದು, ಒಪ್ಪುತ್ತೇನೆ. ಆದರೂ ಕಡ್ಡಿ ಹಿಡಿದವರು ಇಟ್ಟ ‘ನಾರು’ ನನಗೆ ಹೆಚ್ಚು ನಿಜ: ಅದರಲ್ಲಿ ಹುಳುವಿನ ರೂಪವೂ ಇದೆ, ಹರಿದೀತೆಂಬ ಅಂಜಿಕೆಯೂ ಇದೆ.

ಬಟ್ಟೆಯಲ್ಲಿ ನೀರು ಸೋಸಲು ಕಲಿಸಿ, ಬೋರ್‌ವೆಲ್ ಕೊರೆದು, ಆ ರೋಗವನ್ನು ಓಡಿಸಿದರು. 1996ರ ನಂತರ ದೇಶದಲ್ಲಿ ಅದು ಕಾಣಲಿಲ್ಲ; 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಭಾರತ ಮುಕ್ತವೆಂದು ಸಾರಿತು. ಈಗಿನ ಮಕ್ಕಳಿಗೆ ಆ ಹೆಸರು ಗೊತ್ತಿಲ್ಲದಿರುವುದು ಸಂತೋಷವೇ. ಬಾಧೆ ಉಂಡ ಹಿರಿಯರು ಸಿಕ್ಕರೆ ಕೇಳಬೇಕು: ಹುಳುವಿನ ತುದಿಗೆ ಏನನ್ನುತ್ತಿದ್ದಿರಿ, ಸುತ್ತುವ ಕಡ್ಡಿಗೆ ಏನು, ಪೂರಾ ಹೊರಬಂದ ದಿನಕ್ಕೆ ಏನು?